ನಡುವೆ ಕೂತ ವೈಸೆಯ

ನಾವೈಬಲೆ, ಕಂದಾವು ದ್ವೀಪ
8 ಡಿಸೆಂಬರ್ 1996, ಭಾನುವಾರ

ಪ್ರೀತಿಯ ಅಪ್ಪನಿಗೆ,

ನಿಮ್ಮ ಎರಡು ಕಾಗದಗಳು ಕೈಸೇರಿ ತಿಂಗಳ ಮೇಲಾಯಿತು. ಉತ್ತರ ಬರೆಯದೆ ಇದ್ದುದಕ್ಕೆ ಪರೀಕ್ಷೆಯ ನೆಪ ಹೇಳಬಹುದಿತ್ತು. ಆದರೆ ಪರೀಕ್ಷೆ ಮುಗಿದೇ ಮೂರು ವಾರವಾಯಿತು. ನಿಜ ಹೇಳಬೇಕೆಂದರೆ, ಕಾಗದದ ತಲೆಯಲ್ಲಿ ಊರಿನ ಹೆಸರು ಬರೆಯಲು ನನಗೆ ಧೈರ್ಯ ಬರಲಿಲ್ಲ. ಈಗ ಬರೆದಿದ್ದೇನೆ. ಅದನ್ನು ಓದಿ ನೀವು ಕನ್ನಡಕ ತೆಗೆದಿಟ್ಟು ಕಿಟಕಿಯ ಕಡೆ ನೋಡಿರುತ್ತೀರಿ. ಹೌದಪ್ಪ, ಅಮ್ಮನ ಊರೇ.

ನಾನಾಗಿ ಆರಿಸಿಕೊಂಡಿದ್ದಲ್ಲ. ಮೊದಲ ವರ್ಷದ ರಜೆಯಲ್ಲಿ ಆರು ವಾರ ಒಬ್ಬ ಎಂಜಿನಿಯರ್ ಕೈಕೆಳಗೆ ದುಡಿದು ಬರಬೇಕು, ಅವರು ಸಹಿ ಹಾಕಿದರೆ ಮಾತ್ರ ಎರಡನೇ ವರ್ಷ. ಕಾಲೇಜಿನ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ‘ಅಲಿಸಿ ಹಾರ್ಗ್ರೀವ್: ಕುಡಿಯುವ ನೀರು, ನಾವೈಬಲೆ’ ಎಂದಿತ್ತು. ಬದಲಾಯಿಸಿ ಎಂದು ಕೇಳಬಹುದಿತ್ತು. ಕೇಳಿದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು.

ತಾಯಿಯ ಊರಿಗೆ ಮೊದಲ ಸಲ ಹೋಗುವ ಮಗುವನ್ನು ತಂದೆಯ ಕಡೆಯವರು ಕಾಣಿಕೆಯಾಗಿ ಚಾಪೆ, ತಿಮಿಂಗಿಲದ ಹಲ್ಲು ಹಿಡಿದು ಕರೆದೊಯ್ಯಬೇಕು ಎಂದು ಹಾಸ್ಟೆಲಿನ ಹುಡುಗಿಯರು ಹೇಳುತ್ತಿದ್ದರು. ಮಗುವಿನ ಮುಖ ಹೊತ್ತು ತೋರಿಸುವುದು ಅಂತಾರೆ ಅದಕ್ಕೆ. ಹಾಗೆ ತೋರಿಸದ ಮುಖ ಆ ಊರೊಳಗೆ ಬರುವಂತಿಲ್ಲ. ನನ್ನ ಮುಖವನ್ನು ಯಾರೂ ಹೊತ್ತಿಲ್ಲ, ನಿಮಗೆ ಗೊತ್ತು. ನಮ್ಮ ತಂಡ ಬಂದಿಳಿದಾಗ ಎಂಜಿನಿಯರಮ್ಮ ಊರ ಹಿರಿಯರ ಮುಂದೆ ಅರೆದು ಕುಡಿಯುವ ಯಂಗೋನಾ ಬೇರಿನ ಕಟ್ಟು ಇಟ್ಟು ಅಪ್ಪಣೆ ಕೇಳಿದರು, ಅವರು ಚಪ್ಪಾಳೆ ತಟ್ಟಿ ಒಪ್ಪಿದರು. ಹಾಗಾಗಿ ಅತಿಥಿಯಾಗಿ ಬಂದದ್ದು ಸರಿ. ಮಗಳಾಗಿ ಬಂದದ್ದು ಮಾತ್ರ ಕಳ್ಳತನ. ಯಾರಿಗೂ ಹೇಳಿಲ್ಲ. ಗೊತ್ತಾದರೆ ಮುಂದಿನ ದೋಣಿಗೇ ಹತ್ತಿಸಿ ಕಳಿಸುತ್ತಾರೆ, ಸಹಿಯೂ ಹೋಯಿತು, ವರ್ಷವೂ ಹೋಯಿತು. ಅಮ್ಮನ ಕಡೆಯವರು ಇಲ್ಲಿ ಯಾರು ಯಾರು ಇದ್ದಾರೋ ನನಗೆ ಒಬ್ಬರ ಹೆಸರೂ ಗೊತ್ತಿಲ್ಲ. ದಾರಿಯಲ್ಲಿ ಸಿಕ್ಕ ಪ್ರತಿ ಹೆಂಗಸಿನ ಹಣೆಯನ್ನೂ ಕದ್ದು ನೋಡುತ್ತೇನೆ.

ಸಹಿಯ ಕಾಗದದಲ್ಲಿ ನಾಲ್ಕು ತಲೆಬರಹಗಳಿವೆ. ಅಳತೆ, ನಕ್ಷೆ, ಸುರಕ್ಷತೆ ಮೂರಕ್ಕೂ ಹೇಗೋ ಆದೀತು. ನಾಲ್ಕನೆಯದು ‘ಮುಂದಾಳತನ ಮತ್ತು ನಿರ್ವಹಣೆ’. ಹನ್ನೆರಡು ವರ್ಷ ಹಾಸ್ಟೆಲಿನಲ್ಲಿ ಗಂಟೆ ಹೊಡೆದಾಗ ಎದ್ದು ಗಂಟೆ ಹೊಡೆದಾಗ ಮಲಗಿದವಳು ನಾನು. ಇನ್ನೊಬ್ಬರಿಗೆ ಹೀಗೆ ಮಾಡಿ ಅಂತ ಹೇಳಿದ್ದು ನೆನಪೇ ಇಲ್ಲ. ನೀವು ಸುವಾ ಬಂದರಿನಲ್ಲಿ ಧಕ್ಕೆ ಕಟ್ಟಿಸುವಾಗ ಕೂಗಿದರೆ ಆಚೆ ಹಡಗಿನವರೂ ತಿರುಗಿ ನೋಡುತ್ತಿದ್ದರಂತೆ. ‘ಕಾಂಕ್ರೀಟ್ ಯಾರಿಗೂ ಕಾಯುವುದಿಲ್ಲ’ ಎಂದು ನೀವು ಹೇಳುತ್ತಿದ್ದುದು ಮಾತ್ರ ನನಗೆ ಬಾಯಿಪಾಠವಾಗಿದೆ. ಆ ಗಂಟಲು ನನಗೆ ಬಂದಿಲ್ಲ.

ಈಗ ನನ್ನ ಎಂಜಿನಿಯರಮ್ಮನ ವಿಷಯ. ಊರ್ಮಿಳಾ ಬಿಸೇಸರ್, ಲಂಬಾಸಾದ ಕಬ್ಬಿನ ಗದ್ದೆಯ ಭಾರತೀಯರ ಮಗಳು. ನಲವತ್ತೈದು ದಾಟಿರಬಹುದು. ಗಂಡಸರ ಹುಲ್ಲು ಟೋಪಿ, ಮೊಣಕಾಲಿಗೆ ಮಣ್ಣು, ಜೇಬಿನಲ್ಲಿ ಡಬ್ಬಿ ಮೀನು ಸುತ್ತಿದ ರೊಟ್ಟಿ. ಲಂಬಾಸಾದ ರಾಗದಲ್ಲಿ ಇಲ್ಲಿಯ ಭಾಷೆ ಆಡುತ್ತಾರೆ. ಮಕ್ಕಳು ಹಿಂದೆ ಹಿಂದೆ ಬಂದು ಅಣಕಿಸಿದರೆ ಇನ್ನೂ ಎಳೆದು ಆಡುತ್ತಾರೆ. ಊರಿನವರು ಅವರನ್ನು ಮರಾಮ ಎನ್ನುತ್ತಾರೆ, ದೊಡ್ಡ ಹೆಂಗಸರನ್ನು ಕರೆಯುವ ಹಾಗೆ.

ಅವರು ಕೂಗುವುದೇ ಇಲ್ಲಪ್ಪ. ಬೆಳಿಗ್ಗೆ ಒಂದು ಬಕೆಟ್ ಬೋರಲು ಹಾಕಿ ಕೂರುತ್ತಾರೆ. ಇಲ್ಲಿ ಕೂತವರ ತಲೆಯ ಮೇಲೆ ನಿಂತು ಮಾತಾಡುವುದು ಒರಟುತನ. ಎಲ್ಲರೂ ಕೂತ ಮೇಲೆ ಒಂದೇ ಪ್ರಶ್ನೆ: “ಇವತ್ತು ಏನು ಕೆಡಬಹುದು, ಹೇಳಿ.” ಎಲ್ಲರಿಗಿಂತ ಹೊಸಬರಿಂದ ಶುರು. ಮೊದಲ ದಿನ ನನ್ನ ಸರದಿ. “ನಾನೇ ಮ್ಯಾಡಂ,” ಅಂದುಬಿಟ್ಟೆ. ಜನ ಬಿದ್ದು ಬಿದ್ದು ನಕ್ಕರು. ಅವರು ನಗಲಿಲ್ಲ, ಪುಟ್ಟ ಪುಸ್ತಕ ತೆಗೆದು, “ಸರಿ. ಅಲಿಸಿ ಕೆಡಬಹುದು. ಮುಂದೆ?” ಎಂದು ನಿಜಕ್ಕೂ ಬರೆದುಕೊಂಡರು.

ಬೆಟ್ಟದ ಮೇಲಿನ ಒರತೆಯ ನೀರನ್ನು ಟ್ಯಾಂಕಿಗೆ ತುಂಬಿ ಪೈಪಿನಲ್ಲಿ ಮನೆಮನೆಗೆ ಇಳಿಸುವುದು ನಮ್ಮ ಕೆಲಸ. ನಕ್ಷೆಯಲ್ಲಿ ಒರತೆಗೆ ಒಂದೇ ಬಾಯಿ. ಮುದುಕನೊಬ್ಬ, “ಎರಡು ಇವೆ, ನಮ್ಮಪ್ಪ ತೋರಿಸಿದ್ದ,” ಅಂದ. ನಾನಾಗಿದ್ದರೆ ನಕ್ಷೆಯನ್ನೇ ನಂಬುತ್ತಿದ್ದೆ. ಅವರು ಆ ಮುದುಕನ ಜೊತೆ ಅರ್ಧ ದಿನ ಬೆಟ್ಟ ಹತ್ತಿ, ಜರೀಗಿಡ ಸರಿಸಿ, ಎರಡನೇ ಬಾಯಿಗೆ ಕೈಯಿಟ್ಟು ಬಂದರು. ಹೊಸ ನಕ್ಷೆಯ ಮೂಲೆಯಲ್ಲಿ ಆತನ ಹೆಸರು ಬರೆದಿದ್ದಾರೆ. ಆತ ಈಗ ದಿನಾ ಬಂದು ತನ್ನ ಹೆಸರು ನೋಡಿಕೊಂಡು ಹೋಗುತ್ತಾನೆ.

“ಇವರು ಊರಿನೋರು ಕಣೇ, ಕೂಲಿಯೋರಲ್ಲ,” ಎಂದರು ನನಗೆ. “ನಾಳೆ ಬರಲ್ಲ ಅಂದ್ರೆ ಏನ್ ಮಾಡ್ತೀಯ? ಸಿಟ್ಟು ಮಾಡ್ಕೊಂಡು ನೀನೊಬ್ಳೇ ಟ್ಯಾಂಕ್ ಕಟ್ತೀಯಾ?”

ತಂಡದಲ್ಲಿ ಮೇಸ್ತ್ರಿ ಇಲಿಯೇಸಾ ನಮ್ಮ ಜೊತೆ ಸುವಾದಿಂದ ಬಂದವನು. ಉಳಿದವರೆಲ್ಲ ಊರಿನವರೇ. ಪೆನಾಯಾ ಎಂಬ ದೊಡ್ಡ ಆಳು ಕಾಂಕ್ರೀಟ್ ಮಿಕ್ಸರ್ ತಿರುಗಿಸುತ್ತಾನೆ, ಮಾತು ಕಡಿಮೆ. ಲೈಸಾನಿ ಎಂಬ ಹೆಂಗಸು ನೀರಿನ ಡ್ರಮ್ಮಿನ ಹತ್ತಿರ ಬಕೆಟ್ ಲೆಕ್ಕ ಇಡುತ್ತಾಳೆ; ಬೆಟ್ಟದ ಕಡೆ ಮುಖ ಮಾಡಿ ತನಗೆ ತಾನೇ ಗೊಣಗುತ್ತಿರುತ್ತಾಳೆ. ಅವರಿಬ್ಬರ ನಡುವೆ ಖಾಲಿ ಡಬ್ಬದ ಮೇಲೆ ಕೂತಿರುವವನು ವೈಸೆಯ. ಅವನಿಗೆ ಕೆಲಸ ಏನೆಂದು ನನಗಿನ್ನೂ ತಿಳಿದಿಲ್ಲ. ಇಡೀ ದಿನ ಗೇಲಿ. “ಏ ಪೆನಾಯಾ, ಕಾಂಕ್ರೀಟು ಮಾಡ್ತಿದೀಯೋ, ಮೀನಿನ ಸಾರು ಮಾಡ್ತಿದೀಯೋ? ಅರ್ಧ ಬಕೆಟ್ ಸಾಕು ಕಣೋ!” ಪೆನಾಯಾನಿಗೆ ಅವನು ವಾವೆಯಲ್ಲಿ ಭಾವಮೈದುನ, ಎಷ್ಟು ಕಾಲೆಳೆದರೂ ಕೋಪ ಮಾಡಿಕೊಳ್ಳುವಂತಿಲ್ಲ. ನನಗೂ ಒಂದು ಹೆಸರಿಟ್ಟಿದ್ದಾನೆ, ‘ಅರ್ಧ ಬೆಂದ ಕೆಸು’. ಅರ್ಧ ಇಂಗ್ಲಿಷ್, ಅರ್ಧ ಇಲ್ಲಿಯವಳು, ತಿಂದರೆ ಗಂಟಲು ತುರಿಸುತ್ತದಂತೆ.

ಸೊಳ್ಳೆಗೆ ಹೆದರಬೇಡಿ, ಪರದೆ ಇದೆ. ನಿಮ್ಮ ಸೊಂಟ ಹೇಗಿದೆ? ನಿಮ್ಮ ಹಲ್ ಊರಿನಲ್ಲಿ ಹಿಮ ಶುರುವಾಗಿರಬೇಕು; ಕಾಲುಚೀಲ ಎರಡು ಜೊತೆ ಹಾಕಿಕೊಳ್ಳಿ.

ನಿಮ್ಮ ಮಗಳು,
ಅಲಿಸಿ

*

ನಾವೈಬಲೆ
17 ಡಿಸೆಂಬರ್, ಮಂಗಳವಾರ

ಅಪ್ಪ,

ಹೋದ ಕಾಗದ ನಿಮಗೆ ಮುಟ್ಟುವ ಮೊದಲೇ ಇದನ್ನು ಬರೆಯುತ್ತಿದ್ದೇನೆ. ಕುಶಲ ಕೇಳದೆ ಶುರು ಮಾಡಿದ್ದಕ್ಕೆ ಕ್ಷಮಿಸಿ. ನಾನು ಟ್ಯಾಂಕ್ ಹಾಳು ಮಾಡಿದೆ.

ಶುಕ್ರವಾರ ಮ್ಯಾಡಂ ಕರೆದು, “ಸೋಮವಾರ ಟ್ಯಾಂಕಿನ ತಳಕ್ಕೆ ಕಾಂಕ್ರೀಟ್. ಯಾರು ಎಲ್ಲಿ ನಿಲ್ಲಬೇಕು ಅನ್ನೋದು ನೀನು ಮಾಡು,” ಎಂದರು. ಭಾನುವಾರ ಇಲ್ಲಿ ಯಾರೂ ಕೆಲಸ ಮುಟ್ಟುವುದಿಲ್ಲ. ಚರ್ಚಿನಿಂದ ಬಂದು, ಇದು ಕೆಲಸವಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಬಣ್ಣದ ಪೆನ್ಸಿಲಿನಲ್ಲಿ ಚಾರ್ಟ್ ಬರೆದೆ. ಎಷ್ಟು ಚೆಂದ ಬಂದಿತ್ತು ಗೊತ್ತೇ! ಪ್ರತಿ ಹೆಸರಿಗೆ ಒಂದು ಚೌಕ, ಪ್ರತಿ ಚೌಕದಿಂದ ಒಂದು ಬಾಣ. ಮಿಕ್ಸರಿಗೆ ಪೆನಾಯಾ, ನೀರಿಗೆ ಲೈಸಾನಿ, ಆರು ನಿಮಿಷಕ್ಕೊಂದು ಮಿಕ್ಸರ್ ತುಂಬ ಗಾರೆ. ವೈಸೆಯನ ಚೌಕದಲ್ಲಿ ಬರೆಯಲು ಏನೂ ಇರಲಿಲ್ಲ. ಅವನನ್ನು ಬೆಟ್ಟದ ಮೇಲೆ ಕಲ್ಲು ಹೊರಲು ಹಾಕಿದೆ. ಒಂದು ಆಳು ಉಳಿಸಿದೆನೆಂದು ಖುಷಿಯಾಯಿತು.

ಸೋಮವಾರ ಬೆಳಗಾದರೆ ಬೇರೆಯೇ ಸುದ್ದಿ. ಮಂಗಳವಾರ ಬರಬೇಕಾದ ಪೈಪಿನ ದೋಣಿ ಒಂದು ದಿನ ಮೊದಲೇ ಸರ್ಕಾರಿ ಧಕ್ಕೆಗೆ ಬಂದಿತ್ತು. ಹೋಗಿ ಇಳಿಸಿಕೊಳ್ಳದಿದ್ದರೆ ಪೈಪು ವಾಪಸ್. ಮ್ಯಾಡಂ ಇಲಿಯೇಸಾನನ್ನು ಕರೆದುಕೊಂಡು ಹೊರಟರು. ಹೋಗುವಾಗ, “ಬೆಳಗಿನ ಮಾತು ನೀನೇ ನಡೆಸು. ಬಕೆಟ್ ಮರೀಬೇಡ,” ಎಂದರು.

ನಾನು ಬಕೆಟ್ ಮರೆತೆ. ಬಕೆಟ್ಟಿನ ಮೇಲೆ ಕೂತರೆ ಕಾಲು ನಡುಗುವುದು ಕಾಣುತ್ತದೆಂದು ನಿಂತೇ ಓದಿದೆ. ಏನು ಕೆಡಬಹುದು ಅಂತ ಕೇಳಲಿಲ್ಲ. ಕೇಳಿದರೆ ಅರ್ಧ ಗಂಟೆ ಹೋಗುತ್ತದೆ. ಕಾಂಕ್ರೀಟ್ ಯಾರಿಗೂ ಕಾಯುವುದಿಲ್ಲ. ನಿಮ್ಮ ಮಾತೇ ಬಾಯಿಗೆ ಬಂತು, ಇಲ್ಲಿಯ ಭಾಷೆಯಲ್ಲಿ ಹೇಳಿಯೂಬಿಟ್ಟೆ. ಯಾರೂ ಬೇಡ ಅನ್ನಲಿಲ್ಲ. ಪೆನಾಯಾ ನೆಲ ನೋಡಿದ. ಲೈಸಾನಿ ನನ್ನನ್ನೇ ನೋಡಿದಳು, ಆಮೇಲೆ ಸುಮ್ಮನೆ ಡ್ರಮ್ಮಿನ ಕಡೆ ನಡೆದಳು. ವೈಸೆಯ ಮಾತ್ರ ಚಾರ್ಟಿನ ಹತ್ತಿರ ಬಂದು ತನ್ನ ಚೌಕದ ಮೇಲೆ ಬೆರಳಿಟ್ಟು, “ನಾನು ಇಲ್ಲಿ ಮೇಲಿದೀನಾ? ಸ್ವರ್ಗಕ್ಕೆ ಹತ್ರ ಆಯ್ತು ಬಿಡು,” ಅಂದ. ಎಲ್ಲರೂ ನಗುತ್ತಾರೆಂದು ನೋಡಿದೆ. ಒಬ್ಬರೂ ನಗಲಿಲ್ಲ.

ಹಿಂದಿನ ದಿನ ಮಳೆ ಬಂದು ಮರಳು ನೆನೆದಿತ್ತು. ನೆನೆದ ಮರಳಿಗೆ ನೀರು ಕಡಿಮೆ ಸಾಕು. ಲೈಸಾನಿಗೆ ಅದು ಗೊತ್ತಿತ್ತು. ಅವಳು ಬಕೆಟ್ ತಡೆದು, ಎರಡೇ ಸಾಕೆಂದು ಎರಡು ಬೆರಳು ಎತ್ತಿದಳು. ಪೆನಾಯಾ ಬೆನ್ನು ತಿರುಗಿಸಿ ನಿಂತಿದ್ದ, ಮಿಕ್ಸರಿನ ಸದ್ದು ಬೇರೆ. ಅವಳು ಕೂಗಲಿಲ್ಲ. ಅವನ ಹೆಸರು ಹಿಡಿದು ಒಂದು ಸಲ ಕೂಗಿದ್ದರೆ ಸಾಕಿತ್ತು. ಅವನು ಡ್ರಮ್ಮಿನ ಮುಂದಿಟ್ಟ ಬಕೆಟ್‌ಗಳನ್ನೆಲ್ಲ ತಾನೇ ಎತ್ತಿ ಸುರಿದ. ನಾನು ಗಡಿಯಾರ ನೋಡುತ್ತ ನಿಂತಿದ್ದೆ. ಹನ್ನೊಂದು ಗಾರೆ, ಒಂದೂ ತಡವಿಲ್ಲ. ಹೆಮ್ಮೆಯಿಂದ ಚಾರ್ಟಿನ ಮೇಲೆ ಗುರುತು ಹಾಕುತ್ತಿದ್ದೆನಪ್ಪ.

ಮಧ್ಯಾಹ್ನಕ್ಕೆ ಮ್ಯಾಡಂ ಬಂದರು. ಟ್ಯಾಂಕಿನ ತಳದಲ್ಲಿ ಕುಕ್ಕರುಗಾಲಲ್ಲಿ ಕೂತು ಬೆರಳು ಒತ್ತಿದರು. ಬೆರಳಿನ ಗುಳಿಯಲ್ಲಿ ನೀರು ನಿಂತಿತು. ಅವರು ಕೇಳಿದ್ದು ಒಂದೇ ಮಾತು.

“ವೈಸೆಯ ಎಲ್ಲಿ?”

“ಮೇಲೆ ಕಲ್ಲು ಹೊರೋಕೆ ಕಳಿಸಿದೆ ಮ್ಯಾಡಂ. ಇಲ್ಲಿ ಸುಮ್ನೆ ಕೂತಿರ್ತಿದ್ದ.”

ಅವರು ಕಣ್ಣು ಮುಚ್ಚಿಕೊಂಡರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಎಲ್ಲರನ್ನೂ ಕೂರಿಸಿ, ಈ ಸಲ ಬಕೆಟ್ಟನ್ನೂ ಬಿಟ್ಟು ಬರಿ ನೆಲದ ಮೇಲೆ ಕೂತರು. ಇಲ್ಲಿಯವರು ಕ್ಷಮೆ ಕೇಳುವ ಹಾಗೆ ಅಂಗೈ ಗುಂಡಗೆ ಮಾಡಿ ಮೂರು ಸಲ ಚಪ್ಪಾಳೆ ತಟ್ಟಿ ತಲೆ ಬಗ್ಗಿಸಿದರು. “ಬೆಳಗಿನ ಮಾತು ನಾನು ಆಡ್ಬೇಕಿತ್ತು. ಆಡದೆ ಹೋದೆ. ನೀವು ಹೆಗಲ ಮೇಲೆ ಹೊತ್ತು ತಂದ ಸಿಮೆಂಟು ನನ್ನಿಂದ ಹಾಳಾಯ್ತು. ತಪ್ಪು ನಂದು,” ಎಂದರು. ನನ್ನ ಹೆಸರು ಬರಲೇ ಇಲ್ಲ. ಆಮೇಲೆ ಗಟ್ಟಿಯಾಗುವ ಮೊದಲು ಎಲ್ಲವನ್ನೂ ಬಗೆದು ಹಾಕಬೇಕಿತ್ತು. ಮೊದಲ ಸಲಿಕೆ ಹಿಡಿದವರು ಅವರೇ. ನನ್ನ ಹನ್ನೊಂದು ಗಾರೆ ಗುಡ್ಡದ ಪಕ್ಕದಲ್ಲಿ ರಾಶಿ ಬಿದ್ದಿದೆ. ಕೋಳಿಗಳು ಅದರ ಮೇಲೆ ಓಡಾಡುತ್ತವೆ.

ಸಂಜೆ ತೊರೆಯಲ್ಲಿ ಸಲಿಕೆ ತೊಳೆಯುವಾಗ ಹೇಳಿದರು. ಪೆನಾಯಾ, ಲೈಸಾನಿ ಒಡಹುಟ್ಟಿದವರು. ಈ ಊರಿನಲ್ಲಿ ಅಣ್ಣ ತಂಗಿ ದೊಡ್ಡವರಾದ ಮೇಲೆ ನೇರ ಮಾತಾಡುವುದಿಲ್ಲ; ಹೆಸರು ಹಿಡಿದು ಕರೆಯುವುದು ದೂರದ ಮಾತು. ಅದು ಜಗಳವಲ್ಲ, ಮರ್ಯಾದೆ. ಅವಳು ಬೆಟ್ಟದ ಕಡೆ ಮುಖ ಮಾಡಿ ಹೇಳಿದ್ದನ್ನು ವೈಸೆಯ ಗೇಲಿಯಲ್ಲಿ ಸುತ್ತಿ ಆಚೆ ದಾಟಿಸುತ್ತಿದ್ದ. ಇಡೀ ಟ್ಯಾಂಕಿನ ಕೆಲಸ ಆ ಖಾಲಿ ಡಬ್ಬದ ಮೇಲೆ ನಡೆಯುತ್ತಿತ್ತು. ನಾನು ಡಬ್ಬವನ್ನೇ ಎತ್ತಿ ಆಚೆ ಇಟ್ಟೆ.

ಹಾಸ್ಟೆಲಿನಲ್ಲಿ ಇದನ್ನೆಲ್ಲ ಅರೆಬರೆ ಕೇಳಿದ್ದೆ. ಅಲ್ಲಿ ಇದ್ದವರೆಲ್ಲ ಹುಡುಗಿಯರು; ಅಣ್ಣಂದಿರು ಭಾನುವಾರದ ಭೇಟಿಗೆ ಬಂದು ಗೇಟಿನಾಚೆ ನಿಲ್ಲುತ್ತಿದ್ದರು. ಅದು ಮುದುಕರ ಕಾಲದ್ದು ಅಂದುಕೊಂಡಿದ್ದೆ.

“ನಿಂಗೆ ಹೇಳ್ಲಿಲ್ಲ, ಅದು ನನ್ನ ತಪ್ಪು. ನೀನು ಕೇಳ್ಲಿಲ್ಲ, ಅದು ನಿಂದು. ಎರಡನ್ನೂ ಕಲಸಿ ಒಂದೇ ಉಂಡೆ ಮಾಡ್ಕೊಂಡು ಅಳ್ತಾ ಕೂರ್ಬೇಡ,” ಎಂದರು ಮ್ಯಾಡಂ. ಅಷ್ಟು ಹೊತ್ತಿಗೆ ನಾನು ಅಳುತ್ತಲೇ ಇದ್ದೆ. ಸ್ವಲ್ಪ ಹೊತ್ತು ಸಲಿಕೆ ಉಜ್ಜಿ, “ನಂಗೆ ಅರ್ಥ ಆಗದೇ ಇರೋದು ಒಂದೇ,” ಎಂದರು. “ಈ ಊರಿನೋರು ನಂಗೇ ಮುಖದ ಮೇಲೆ ಬೇಡ ಅಂತಾರೆ. ನಿನ್ನ ಚಾರ್ಟಿಗೆ ಯಾಕೆ ಯಾರೂ ಬೇಡ ಅನ್ಲಿಲ್ಲ? ಹೋಗಿ ಕೇಳ್ಕೊಂಡು ಬಾ. ಒಬ್ಬೊಬ್ಬರ ಮನೆಗೂ ಹೋಗು. ಯಾರು ಯಾರ ಹತ್ರ ಮಾತಾಡಬಹುದು, ಯಾರು ಆಡಬಾರದು, ಎಲ್ಲಾ ಕೇಳು. ಅಲ್ಲೀವರೆಗೆ ಪೆನ್ಸಿಲ್ ಮುಟ್ಬೇಡ.”

ಅಪ್ಪ, ನಾನು ಈ ಓದಿಗೆ ಲಾಯಕ್ಕಲ್ಲ ಅನ್ನಿಸುತ್ತಿದೆ. ಗ್ರಂಥಾಲಯದ ಕೋರ್ಸಿಗೆ ಬದಲಾಯಿಸಲು ಫೆಬ್ರವರಿವರೆಗೂ ಸಮಯವಿದೆ. ಪುಸ್ತಕಗಳಿಗೆ ಅಣ್ಣ ತಂಗಿ ಇರುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ. ಮನೆಮನೆಗೆ ಹೋಗಬೇಕು ಎಂದರೆ ಭಯ. ‘ನೀನು ಯಾರ ಮಗಳು’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಅಲಿಸಿ

*

ನಾವೈಬಲೆ
5 ಜನವರಿ 1997, ಭಾನುವಾರ

ಪ್ರೀತಿಯ ಅಪ್ಪನಿಗೆ,

ಹೊಸ ವರ್ಷದ ಶುಭಾಶಯ. ಹತ್ತೊಂಬತ್ತು ದಿನ ಬರೆಯಲಿಲ್ಲ. ಹೋದ ಕಾಗದ ಓದಿ ನೀವು ಗಾಬರಿಯಾಗಿರುತ್ತೀರೆಂದು ಗೊತ್ತಿದ್ದೂ ಬರೆಯಲಿಲ್ಲ, ಕ್ಷಮಿಸಿ. ಹೇಳುವುದು ಒಂದು ಹಿಡಿಯಷ್ಟಾದರೂ ಆಗಲಿ ಎಂದು ಕಾದೆ. ಈಗ ಬುಟ್ಟಿ ತುಂಬ ಇದೆ.

ಮೊದಲು ಹೋದದ್ದು ಬೂಬೂ ಅಸೆನಾದ ಎಂಬವರ ಮನೆಗೆ. ಬೂಬೂ ಎಂದರೆ ಅಜ್ಜಿ; ಊರಿನಲ್ಲಿ ಎಲ್ಲರಿಗಿಂತ ಹಿರಿಯರು. ಕೇದಗೆ ಗರಿಯನ್ನು ಚಿಪ್ಪಿನಿಂದ ಹೆರೆಯುತ್ತ ಕೂತಿದ್ದರು. ಸೊಂಟ ಬಗ್ಗಿಸಿ ಒಳಗೆ ಹೋಗಿ, ಬಾಗಿಲ ಹತ್ತಿರವೇ ಕೂತು, ಬರೆದುಕೊಂಡು ಬಂದಿದ್ದ ಪ್ರಶ್ನೆ ಓದಿದೆ. “ಬೂಬೂ, ಈ ಊರಿನಲ್ಲಿ ಯಾರು ಯಾರ ಹತ್ತಿರ ಮಾತಾಡಬಾರದು?”

ಅಜ್ಜಿ ಗರಿ ಹೆರೆಯುವುದನ್ನು ನಿಲ್ಲಿಸಲಿಲ್ಲ. “ನಿಮ್ಮಮ್ಮ ಹೇಳಿಕೊಡ್ಬೇಕಿತ್ತು. ಪಾಪ, ಅವಳಿಗೆ ಪುರಸೊತ್ತು ಸಿಗ್ಲಿಲ್ಲ,” ಎಂದರು.

ಕೈಯಲ್ಲಿದ್ದ ಕಾಗದ ಜಾರಿ ಬಿತ್ತು.

“ದೋಣಿಯಿಂದ ಇಳಿದು ಮರಳ ಮೇಲೆ ಕಾಲಿಟ್ಯಲ್ಲ, ಆಗ್ಲೇ ಗೊತ್ತಾಯ್ತು. ಲೂಸಿಯಾನಾ ಹೀಗೇ ಎಡಗಾಲು ಮೊದಲು ಎಳೀತಿದ್ಲು. ಲೈಸಾನಿ ನೋಡ್ದೋಳೇ ಅಡುಗೆಮನೆಗೆ ಓಡಿ ಬಂದು ಅತ್ಲು, ಅವಳ ತಂಗಿ ಅಲ್ವಾ. ಊರಿಗೆಲ್ಲಾ ಗೊತ್ತು ಮಗಾ. ನೀನೇ ಹೇಳ್ಲಿ ಅಂತ ಕಾಯ್ತಾ ಇದೀವಿ.”

ಹಾಗಾದರೆ ಲೈಸಾನಿ ನನ್ನ ಚಿಕ್ಕಮ್ಮ. ಪೆನಾಯಾ ನನ್ನ ಸೋದರಮಾವ. ಅದು ತಿಳಿಯದೆ ಅವರ ಹೆಸರಿನ ಸುತ್ತ ಬಣ್ಣದ ಚೌಕ ಬರೆದಿದ್ದೆ.

“ಮತ್ತೆ ನನ್ನ ಚಾರ್ಟು ತಪ್ಪು ಅಂತ ಯಾಕೆ ಯಾರೂ ಹೇಳ್ಲಿಲ್ಲ ಬೂಬೂ?”

“ಹ್ಯಾಗೆ ಹೇಳ್ತಾರೆ? ನೀನು ಈ ಊರಿನ ವಾಸು. ಮಗಳ ಮಗಳು. ವಾಸು ಬಂದು ಹಂದಿ ಕೇಳಿದ್ರೆ ಹಂದಿ ಕೊಡ್ಬೇಕು, ದೋಣಿ ಕೇಳಿದ್ರೆ ದೋಣಿ. ಇಲ್ಲ ಅನ್ನೋ ಹಾಗಿಲ್ಲ. ನೀನು ನಿಂತ್ಕೊಂಡು ಕಾಂಕ್ರೀಟು ಕೇಳ್ದೆ. ಕೊಟ್ರು,” ಎಂದು ಅಜ್ಜಿ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕರು.

ಅದನ್ನೆಲ್ಲ ಹೋಗಿ ಮ್ಯಾಡಂಗೆ ಹೇಳಿದೆ, ನಿಂತಲ್ಲೇ, ಒಂದೇ ಉಸಿರಿಗೆ. ಅವರು ಸಿಟ್ಟಾದದ್ದನ್ನು ಮೊದಲ ಸಲ ಕಂಡೆ. ಆಗಲೂ ದನಿ ಏರಲಿಲ್ಲ, ತಗ್ಗಿತು. “ನಕ್ಷೆಯಲ್ಲಿ ಬರೀದೆ ಮಣ್ಣೊಳಗೆ ಹೂತಿಟ್ಟ ಪೈಪು ನೀನು. ನಾನು ಗೊತ್ತಿಲ್ದೆ ಅದರ ಮೇಲೇ ಗುದ್ದಲಿ ಹಾಕಿಸ್ದೆ. ನಿನ್ನ ಕೈಗೆ ಅಧಿಕಾರ ಕೊಟ್ಟು ನಿಲ್ಸಿದ್ದು ನಾನು. ಆ ಅಧಿಕಾರ ಎಷ್ಟು ದೊಡ್ಡದು ಅಂತ ನನಗೇ ಗೊತ್ತಿರ್ಲಿಲ್ಲ. ಜನರ ಹತ್ರ ಕೆಲಸ ಮಾಡ್ಸೋಳು ತನ್ನ ವಿಷಯ ಮುಚ್ಚಿಟ್ಕೊಂಡು ಅವರ ವಿಷಯ ಹೇಳಿ ಅಂತ ಹ್ಯಾಗೆ ಕೇಳ್ತಾಳೆ?” ಎಂದರು. ನನ್ನನ್ನು ದೋಣಿ ಹತ್ತಿಸುವುದು ಖಚಿತ ಎಂದುಕೊಂಡೆ. ಚೀಲ ಯಾವಾಗ ಕಟ್ಟಲಿ ಎಂದು ಕೇಳಿದೆ.

“ಚೀಲ ಅಲ್ಲ. ನಿನ್ನ ತಂದೆ ಕಡೆಯೋರು ಈ ದ್ವೀಪಗಳಲ್ಲಿ ಯಾರಿದಾರೆ?”

“ಯಾರೂ ಇಲ್ಲ ಮ್ಯಾಡಂ.”

ಅವರು ಮೇಸ್ತ್ರಿಯ ಕಡೆ ತಿರುಗಿದರು. “ಇಲಿಯೇಸಾ, ಟೋಪಿ ತೆಗಿ. ಇವಳ ತಂದೆ ಕಡೆಯೋರು ನಾವು.”

ಕ್ರಿಸ್ಮಸ್ ಕಳೆದು ಮೂರನೇ ದಿನ, ಶನಿವಾರ, ನನ್ನ ಮುಖ ಹೊತ್ತು ತೋರಿಸಿದರು. ದೋಣಿಯಲ್ಲಿ ನನ್ನನ್ನು ಊರಿನಾಚೆಗೆ ಒಯ್ದು, ಮೊದಲ ಸಲ ಬರುವವಳ ಹಾಗೆ ಮತ್ತೆ ಕರೆತಂದರು. ಇಲಿಯೇಸಾ ತನ್ನ ಚಿಕ್ಕಪ್ಪನಿಂದ ತಿಮಿಂಗಿಲದ ಹಲ್ಲು ತರಿಸಿದ್ದ. ಅದನ್ನು ಎರಡೂ ಕೈಯಲ್ಲಿ ಹಿಡಿದು, “ಇದು ಲೂಸಿಯಾನಾಳ ಮಗಳ ಮುಖ. ತಡವಾಯಿತು, ಕ್ಷಮಿಸಿ,” ಎಂದು ಆರಂಭಿಸಿ ಅವನು ಆಡಿದ ಮಾತಿಗೆ ಗಂಡಸರೂ ಕಣ್ಣೊರೆಸಿಕೊಂಡರು. ಮ್ಯಾಡಂ ಸೀರೆ ಉಟ್ಟಿದ್ದರು. ಪೆಟ್ಟಿಗೆಯ ತಳದಲ್ಲಿ ಒಂದು ಇಟ್ಟುಕೊಂಡಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಬೆನ್ನ ಹಿಂದೆ, ಅಪ್ಪ, ನೀವು ಕೂರಬೇಕಾದ ಜಾಗದಲ್ಲಿ ಅವರು ಕಾಲು ಮಡಿಸಿ ಕೂತಿದ್ದರು. ಎಲ್ಲ ಮುಗಿದ ಮೇಲೆ ವೈಸೆಯ ಬಂದು ನನ್ನ ಕೆನ್ನೆ ಒತ್ತಿ ನೋಡಿ, “ಈಗ ಪೂರ್ತಿ ಬೆಂದಿದೆ,” ಎಂದು ಊರಿಗೆ ಸಾರಿದ.

ಸೋಮವಾರ ಮತ್ತೆ ಕಾಂಕ್ರೀಟ್. ಮ್ಯಾಡಂ ಊರಿನಲ್ಲೇ ಇದ್ದರು. ಆದರೆ ಬೆಳಿಗ್ಗೆ ಬಂದು ಎಲ್ಲರಿಗಿಂತ ಹಿಂದೆ, ಹೆಂಗಸರ ಸಾಲಿನಲ್ಲಿ ಕೂತರು. ನಾನು ಬಕೆಟ್ ಬೋರಲು ಹಾಕಿದೆ. ಕೂತೆ. ಕಾಲು ನಡುಗಿತು, ಎಲ್ಲರಿಗೂ ಕಾಣಿಸಿತು, ಏನೂ ಆಗಲಿಲ್ಲ. “ಇವತ್ತು ನಾನು ವಾಸು ಅಲ್ಲ,” ಎಂದೆ. “ಬೇಡ ಅನ್ನೋದಿದ್ರೆ ಅನ್ನಿ. ಏನು ಕೆಡಬಹುದು, ಹೇಳಿ.”

ಸಮಯ ಹೋಗುತ್ತಿದೆ ಅನ್ನಿಸಿತು. ಆದರೂ ಕಾದೆ. ಆಮೇಲೆ ಲೈಸಾನಿ ಚಿಕ್ಕಮ್ಮ ಬೆಟ್ಟದ ಕಡೆ ತಿರುಗಿ, “ಮರಳು ಇನ್ನೂ ಹಸಿ ಇದೆ,” ಅಂದಳು. ವೈಸೆಯ ಆಗಲೇ ತನ್ನ ಡಬ್ಬದ ಮೇಲಿದ್ದ. “ಕೇಳಿಸ್ತೇನೋ ಪೆನಾಯಾ? ಬೆಟ್ಟ ಹೇಳ್ತಿದೆ, ಮರಳು ಹಸಿ ಅಂತೆ. ನೀನು ಎರಡು ವಾರದ ಹಿಂದೆ ಮಾಡಿದ ಪಾಯಸ ಕೋಳಿಗಳೂ ತಿನ್ಲಿಲ್ಲ!” ಪೆನಾಯಾ ಮಾವ ಮೊದಲ ಸಲ ಬಾಯಿಬಿಟ್ಟು ನಕ್ಕರು. ಆಮೇಲೆ ಒಬ್ಬೊಬ್ಬರೇ ಶುರು ಮಾಡಿದರು. ಸಲಿಕೆ ಸಾಲದು, ಮಿಕ್ಸರಿನ ಬೆಲ್ಟು ಸಡಿಲ, ಹತ್ತು ಗಂಟೆಗೆ ಬಿಸಿಲು ನೇರ ಬೀಳುತ್ತದೆ, ತೆಂಗಿನ ಗರಿ ಹೊದಿಸಬೇಕು. ಇಪ್ಪತ್ತಮೂರು ವಿಷಯ ಬರೆದುಕೊಂಡೆ. ಹನ್ನೊಂದು ನನ್ನ ತಲೆಗೆ ಎಂದೂ ಹೊಳೆಯುತ್ತಿರಲಿಲ್ಲ.

ಆ ದಿನ ಎಂಟು ನಿಮಿಷಕ್ಕೊಂದು ಗಾರೆ ಆಯಿತು, ಕೆಲವೊಮ್ಮೆ ಹತ್ತು. ಮಧ್ಯೆ ಒಂದು ಸಲ ಪೆನಾಯಾ ಮಾವ ಕೈಯೆತ್ತಿ ನಿಲ್ಲಿಸಿದರು, ನಾನು ನಿಲ್ಲಿಸಿದೆ. ಸಂಜೆ ಮ್ಯಾಡಂ ಬೆರಳು ಒತ್ತಿದರು. ಗುಳಿ ಬೀಳಲಿಲ್ಲ. ಅವರು ಜೇಬಿನಿಂದ ರೊಟ್ಟಿ ತೆಗೆದು ಅರ್ಧ ಮುರಿದು ನನಗೆ ಕೊಟ್ಟರು. ಅಪ್ಪ, ಅಂಥ ರೊಟ್ಟಿ ನಾನು ತಿಂದೇ ಇಲ್ಲ.

ನಿನ್ನೆ ನನ್ನ ಕಾಗದಕ್ಕೆ ಸಹಿ ಹಾಕಿದರು. ನಾಲ್ಕನೇ ತಲೆಬರಹದ ಕೆಳಗೆ ಒಂದೇ ಸಾಲು ಬರೆದಿದ್ದಾರೆ: ‘ಈಗ ಕೂತು ಮಾತಾಡುತ್ತಾಳೆ.’ ಕಾಲೇಜಿನವರಿಗೆ ಇದು ಅರ್ಥವಾಗುತ್ತದೋ ಇಲ್ಲವೋ. ಸ್ವಲ್ಪ ಉದ್ದ ಬರೆಯಿರಿ ಎಂದು ಕೇಳೋಣವೆಂದುಕೊಂಡು ಸುಮ್ಮನಾದೆ. ಗ್ರಂಥಾಲಯದ ಮಾತು ಮರೆತುಬಿಡಿ. ಇನ್ನು ಇಪ್ಪತ್ತು ವರ್ಷಕ್ಕಾದರೂ ಆ ಬಕೆಟ್ಟಿನ ಮೇಲೆ ಅವರ ಹಾಗೆ ಕೂರುವುದು ಬಂದರೆ ಸಾಕು.

ಬೂಬೂ ಅಸೆನಾದ ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. “ಬಿಳಿಯನಿಗೆ ಬರಿ, ಅವನ ಮಗಳು ಚೆನ್ನಾಗಿ ತಿಂತಾಳೆ ಅಂತ. ಅವನ ಮೈಗೆ ಸುಖ ಇರ್ಲಿ, ಮನೆಯ ಒಲೆ ಬೆಚ್ಚಗಿರ್ಲಿ,” ಎಂದರು. ಸೊಂಟಕ್ಕೆ ಹಚ್ಚಲು ತೆಂಗಿನೆಣ್ಣೆ ಸೀಸೆ ಕೊಟ್ಟಿದ್ದಾರೆ, ಬೇರೆ ಕಟ್ಟಿನಲ್ಲಿ ಕಳಿಸುತ್ತೇನೆ.

ನಿಮ್ಮ ಮಗಳು, ಈ ಊರಿನ ವಾಸು,
ಅಲಿಸಿ

ಮರೆತದ್ದು: ಇದನ್ನು ಬರೆಯಬಾರದೆಂದುಕೊಂಡಿದ್ದೆ. ಮುಚ್ಚಿಟ್ಟ ಪೈಪು ಆಗುವುದು ಬೇಡವೆಂದು ಬರೆಯುತ್ತಿದ್ದೇನೆ. ಮುಖ ಹೊತ್ತು ತೋರಿಸುವ ದಿನ ಹಾಸಲು ಚಾಪೆ ಬೇಕಲ್ಲ, ನಮ್ಮ ಹತ್ತಿರ ಇರಲಿಲ್ಲ. ಲೈಸಾನಿ ಚಿಕ್ಕಮ್ಮ ಅಟ್ಟದಿಂದ ನಾಲ್ಕು ಚಾಪೆ ಇಳಿಸಿ, ತಂದೆ ಕಡೆಯ ಚಾಪೆ ಇವೇ ಎಂದು ಮ್ಯಾಡಂ ಕೈಗೆ ಕೊಟ್ಟಳು. ಕೆಂಪು ಹಸಿರು ಉಣ್ಣೆಯ ಅಂಚು. ನಿಮ್ಮ ಹೆಸರಿನಲ್ಲಿ ಅಮ್ಮ ತಾನೇ ಹೆಣೆದದ್ದು, ಆ ದಿನಕ್ಕೆಂದೇ, ನನಗೆ ಐದು ವರ್ಷವಿದ್ದಾಗ. ದಿನ ಗೊತ್ತುಮಾಡಿ ಊರೆಲ್ಲ ಕಾದಿತ್ತಂತೆ. ನೀವಿಲ್ಲದೆ ಊರೊಳಗೆ ಬರುವ ಹಾಗಿಲ್ಲವೆಂದು ಅಮ್ಮ ನನ್ನನ್ನೆತ್ತಿಕೊಂಡು ಪಕ್ಕದ ಕೊಲ್ಲಿಯ ದಡದಲ್ಲಿ ಎರಡು ದಿನ ಕೂತಿದ್ದಳು. ಚಿಕ್ಕಮ್ಮ ದೋಣಿಯಲ್ಲಿ ಊಟ ಒಯ್ದರೆ ಅಮ್ಮ, “ಸುವಾ ಧಕ್ಕೆಯಲ್ಲಿ ಕಾಂಕ್ರೀಟು ನಡೀತಿದೆ, ಮುಗಿದ ತಕ್ಷಣ ಬರ್ತಾರೆ,” ಅಂದಳಂತೆ. ಮೂರನೇ ದಿನ ಚಾಪೆಗಳನ್ನು ಚಿಕ್ಕಮ್ಮನ ಕೈಗೆ ಕೊಟ್ಟು ಸುವಾ ದೋಣಿ ಹತ್ತಿದಳು. ನನಗೆ ನೆನಪಿರುವುದು ಯಾರದೋ ಮಡಿಲು, ನೀರಿನಾಚೆ ಒಂದು ಊರಿನ ಹೊಗೆ, ಅಷ್ಟೇ. ಅದು ಯಾವ ಊರೆಂದು ಈಗ ತಿಳಿಯಿತು. ಅದರ ಮರುವರ್ಷ ಅಮ್ಮನನ್ನೇ ಇಲ್ಲಿಗೆ ತಂದು ಮಣ್ಣು ಮಾಡಿದಾಗ ನೀವು ದೋಣಿಯಿಂದ ಇಳಿಯದೆ ಕೂತೇ ಇದ್ದಿರಂತೆ. ಪೆನಾಯಾ ಮಾವ ನೋಡಿದ್ದಾರೆ.

ಆ ಶನಿವಾರ ಮೂರು ಚಾಪೆ ಹಾಸಿದರು. ನಾಲ್ಕನೆಯದನ್ನು ಬಿಚ್ಚದೆ, ಸುರುಳಿ ಸುತ್ತಿದ ಹಾಗೆಯೇ ಮತ್ತೆ ಅಟ್ಟಕ್ಕೆ ಏರಿಸಿದರು. ಅದು ಯಾಕೆ ಎಂದು ಮಾವನನ್ನು ಕೇಳಿದೆ. “ಅದು ನಿಮ್ಮಪ್ಪನದು. ಅವನು ಇನ್ನೂ ಬಂದಿಲ್ವಲ್ಲ,” ಎಂದರು.

ದೋಣಿ ಮಂಗಳವಾರ ಮತ್ತು ಶುಕ್ರವಾರ ಇದೆ, ಅಪ್ಪ.